ಆಕಾಶ ನೋಡುತ್ತಾ ಪದೇ ಪದೇ ಕೇಳುವ ಪ್ರಶ್ನೆಗಳು: ಉಡುಪಿ, ಮಂಗಳೂರಿನ ಗೆಳೆಯರಿಗೆ ಖಗೋಳದ ಕಥೆ

ಮಲ್ಪೆಯ ಮರಳಲ್ಲಿ, ಕಾಪು ಲೈಟ್‌ಹೌಸಿನ ಹತ್ತಿರ, ಕೆಲವೊಮ್ಮೆ ನಮ್ಮ ಮನೆಯ ತಾರಸಿಯಲ್ಲಿ ಒಂದು ಸಣ್ಣ ಟೆಲಿಸ್ಕೋಪ್ ಇಟ್ಟು ಅಕ್ಕಪಕ್ಕದವರಿಗೆ, ಶಾಲೆಯ ಮಕ್ಕಳಿಗೆ ಆಕಾಶ ತೋರಿಸುತ್ತೇನೆ. ಶನಿಯ ಬಳೆ ಕಂಡ ಮೇಲೆ ಯಾರೂ ಸುಮ್ನೆ ಇರುವುದಿಲ್ಲ. ಶನಿ ಎಷ್ಟು ದೂರ ಎಂದು ಕೇಳುವವರು ಕಡಿಮೆ. "ಇದೆಲ್ಲ ಮನುಷ್ಯರಿಗೆ ಗೊತ್ತಾದದ್ದು ಹೇಗೆ?" ಎಂದು ಕೇಳುವವರೇ ಜಾಸ್ತಿ. ಕತ್ತಲಲ್ಲಿ ನಿಂತು ಅರ್ಧಂಬರ್ಧ ಕೊಟ್ಟ ಉತ್ತರಗಳನ್ನು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ಟೆಲಿಸ್ಕೋಪ್ ಇಲ್ಲದ ಕಾಲದಲ್ಲಿ ಲೆಕ್ಕ ಹಾಕಿದ್ದು ಹೇಗೆ?

ನೋಡಿದರು, ಬರೆದಿಟ್ಟರು, ಮುಂದಿನವರಿಗೆ ಕೊಟ್ಟರು. ಗುಟ್ಟು ಇಷ್ಟೇ.

ಬ್ಯಾಬಿಲೋನಿಯಾದವರು ಜೇಡಿಮಣ್ಣಿನ ಹಲಗೆಗಳ ಮೇಲೆ ಗ್ರಹಣಗಳನ್ನು ಗುರುತು ಹಾಕುತ್ತಿದ್ದರು. ನೂರಾರು ವರ್ಷಗಳ ಗುರುತು ಸೇರಿದಾಗ ಒಂದು ಸಂಗತಿ ಎದ್ದು ಕಂಡಿತು. ಒಂದು ಗ್ರಹಣ ಆದ 18 ವರ್ಷ, 11 ದಿನ, ಸುಮಾರು 8 ಗಂಟೆಗೆ ಅದೇ ತರಹದ ಗ್ರಹಣ ಮತ್ತೆ ಬರುತ್ತದೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಈ ಸುತ್ತನ್ನು ನೋಡುವುದು ಮೂರೋ ನಾಲ್ಕೋ ಸಲ. ಅದರಲ್ಲೂ ಆ 8 ಗಂಟೆಯಿಂದಾಗಿ ಗ್ರಹಣ ಬೇರೆ ದೇಶದ ಮೇಲೆ ಹೋಗಿಬಿಡುತ್ತದೆ. ಅಂದರೆ ಒಬ್ಬರ ಜಾಣತನದಿಂದ ಇದು ಸಿಗುವ ಮಾತೇ ಅಲ್ಲ. ಅಜ್ಜ ಬರೆದದ್ದನ್ನು ಮೊಮ್ಮಗ ಓದಬೇಕು, ಅವನ ಮೊಮ್ಮಗ ಅದಕ್ಕೆ ಸೇರಿಸಬೇಕು. ತಾನು ಸತ್ತ ಮೇಲೆ ಯಾರಿಗೋ ಉಪಯೋಗ ಆಗಲಿ ಎಂದು ಒಂದು ರಾತ್ರಿಯ ವಿವರ ಬರೆದಿಡುವ ಬುದ್ಧಿ ಮನುಷ್ಯನಿಗೆ ಬಂತಲ್ಲ, ನನ್ನ ಲೆಕ್ಕದಲ್ಲಿ ಖಗೋಳ ಕೊಟ್ಟ ಮೊದಲ ದೊಡ್ಡ ಉಡುಗೊರೆ ಅದು. ವೃತ್ತಕ್ಕೆ 360 ಡಿಗ್ರಿ, ಗಂಟೆಗೆ 60 ನಿಮಿಷ ಎಂಬ ಎಣಿಕೆಯ ಬೇರೂ ಅಲ್ಲೇ ಇದೆ.

ನಮ್ಮಲ್ಲಿ ಲಗಧನ ಹೆಸರಿನಲ್ಲಿರುವ ವೇದಾಂಗ ಜ್ಯೋತಿಷ ಐದು ವರ್ಷದ ಒಂದು ಯುಗ ಇಟ್ಟುಕೊಂಡು ಸೂರ್ಯ, ಚಂದ್ರರ ಲೆಕ್ಕ ಹೊಂದಿಸುತ್ತದೆ. ಮಲ್ಪೆಯ ಹಳೆಯ ಮೀನುಗಾರರೂ ಒಂದು ರೀತಿಯಲ್ಲಿ ಇದೇ ಕೆಲಸ ಮಾಡಿದವರು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಜೋರಾಗಿ ಏರುತ್ತದೆ. ದಿನದಿಂದ ದಿನಕ್ಕೆ ಭರತದ ಹೊತ್ತು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನ್ಯೂಟನ್ 1687ರಲ್ಲಿ ಇದಕ್ಕೆ ಕಾರಣ ಹೇಳಿದ. ಆದರೆ ದೋಣಿ ಇಳಿಸುವವರು ತಿಥಿ ನೋಡಿ ನೀರಿನ ಹೊತ್ತು ಹೇಳುವುದನ್ನು ಅದಕ್ಕೂ ಎಷ್ಟೋ ಮೊದಲೇ ಕಲಿತಿದ್ದರು.

ನಮ್ಮ ಊರಿನ ಒಂದೇ ಬೀದಿಯಲ್ಲಿ ಇಷ್ಟೊಂದು ಕ್ಯಾಲೆಂಡರ್ ಯಾಕೆ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಮಂಗಳೂರಿನ ಯಾವುದಾದರೂ ಹಳೆಯ ಬೀದಿಯಲ್ಲಿ ನಿಂತು ನೋಡಿ. ಒಂದು ಮನೆಯಲ್ಲಿ ಬಿಸು ಕಣಿ, ಪಕ್ಕದ ಮನೆಯಲ್ಲಿ ಈಸ್ಟರ್, ಎದುರು ಮನೆಯಲ್ಲಿ ರಂಜಾನ್. ಮೂರಕ್ಕೂ ಬೇರೆ ಬೇರೆ ಆಕಾಶದ ಲೆಕ್ಕ.

ತೊಂದರೆ ಇರುವುದು ಆಕಾಶದಲ್ಲೇ. ಸೂರ್ಯನ ವರ್ಷ 365 ದಿನ ಮತ್ತು ಸುಮಾರು ಕಾಲು ದಿನ. ಚಂದ್ರನ ತಿಂಗಳು ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ತಿಂಗಳು ಕೂಡಿಸಿದರೆ 354 ದಿನ. ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಈ 11 ದಿನವನ್ನು ಏನು ಮಾಡುವುದು? ಒಂದೊಂದು ಸಮುದಾಯ ಒಂದೊಂದು ದಾರಿ ಹಿಡಿಯಿತು.

ತುಳುವರು ಸೂರ್ಯನನ್ನೇ ಹಿಡಿದರು. ಸೂರ್ಯ ಮೇಷ ರಾಶಿಗೆ ಬಂದಾಗ ಪಗ್ಗು ತಿಂಗಳು, ವರ್ಷದ ಶುರು, ಬಿಸು. ಆಮೇಲೆ ಬೇಶ, ಕಾರ್ತೆಲ್, ಆಟಿ, ಸೋಣ. ಬೇಶದ ಹತ್ತನೇ ದಿನ ಪತ್ತನಾಜೆ. ಯಕ್ಷಗಾನದ ಗೆಜ್ಜೆ ಬಿಚ್ಚುವ ದಿನ ಅದು. ಸೂರ್ಯನ ಲೆಕ್ಕ ಆದ್ದರಿಂದಲೇ ಪ್ರತಿ ವರ್ಷ ಮೇ 24ರ ಆಸುಪಾಸಿನಲ್ಲೇ ಬರುತ್ತದೆ, ಮಳೆಗೆ ಸರಿಯಾಗಿ ಸ್ವಲ್ಪ ಮೊದಲು. ಗದ್ದೆ ಬೇಸಾಯ ಮಾಡುವವರಿಗೆ ಮಳೆ ತಪ್ಪದ ಕ್ಯಾಲೆಂಡರ್ ಬೇಕಿತ್ತು.

ಇಸ್ಲಾಮಿನ ಹಿಜ್ರಿ ಲೆಕ್ಕ ಚಂದ್ರನದ್ದು ಮಾತ್ರ. ಅಲ್ಲಿ 11 ದಿನವನ್ನು ತುಂಬಿಸುವುದಿಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹಿಂದೆ ಸರಿಯುತ್ತಾ ಸುಮಾರು 33 ವರ್ಷದಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಕಣ್ಣಲ್ಲಿ ಚಂದ್ರನನ್ನು ಕಂಡೇ ತಿಂಗಳು ಶುರು ಮಾಡುವ ಪದ್ಧತಿ ನನಗೆ ತುಂಬ ಚಂದ ಅನಿಸುತ್ತದೆ. ಸಂಜೆ ಸಮುದ್ರದ ಮೇಲೆ ಎಳೆ ಚಂದ್ರನನ್ನು ಹುಡುಕುವ ಹುಡುಗರು ನಾಲ್ಕು ಸಾವಿರ ವರ್ಷದ ಹಳೆಯ ಕೆಲಸವನ್ನು ಇಂದಿಗೂ ಮಾಡುತ್ತಿದ್ದಾರೆ.

ಈಸ್ಟರ್‌ನಲ್ಲಿ ಸೂರ್ಯ, ಚಂದ್ರ ಇಬ್ಬರೂ ಇದ್ದಾರೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಆ ಹುಣ್ಣಿಮೆಯ ಮುಂದಿನ ಭಾನುವಾರ. ಈ ಲೆಕ್ಕ ಹಳಿ ತಪ್ಪುತ್ತಿದೆ ಎಂದೇ 1582ರಲ್ಲಿ ಪೋಪ್ ಗ್ರೆಗೊರಿ ಕ್ಯಾಲೆಂಡರ್ ತಿದ್ದಿಸಿದರು. ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ಇಲ್ಲಿನ ಕ್ರೈಸ್ತರ ತೆನೆ ಹಬ್ಬ ಮೊಂತಿ ಫೆಸ್ತ್ ಹಾಗಲ್ಲ, ಸೆಪ್ಟೆಂಬರ್ 8ಕ್ಕೆ ಗಟ್ಟಿಯಾಗಿ ಕೂತಿದೆ.

ಉಳಿದ ಕರ್ನಾಟಕದಲ್ಲಿ ಯುಗಾದಿಯಿಂದ ಶುರುವಾಗುವ ಚಾಂದ್ರಮಾನ. ಅಲ್ಲಿ 11 ದಿನಗಳನ್ನು ಕೂಡಿಟ್ಟು, ಸುಮಾರು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಹಾಕಿ ಸರಿ ಮಾಡುತ್ತಾರೆ. ಉಡುಪಿಯಲ್ಲಿ ಕೃಷ್ಣ ಜನ್ಮಾಷ್ಟಮಿ ಕೆಲವು ವರ್ಷ ಬೇರೆ ಊರಿಗಿಂತ ತಿಂಗಳು ತಡವಾಗುವುದು ಕೂಡ ಇದರಿಂದಲೇ. ಇಲ್ಲಿ ಸೌರಮಾನದ ಸಿಂಹ ಮಾಸ ನೋಡುತ್ತಾರೆ. "ಯಾವುದು ಸರಿ?" ಎಂದು ಬೆಂಗಳೂರಿನ ನೆಂಟರು ಪ್ರತಿ ಸಲ ಕೇಳುತ್ತಾರೆ. ಎರಡೂ ಸರಿ. ಹೊಂದದ ಎರಡು ಗಡಿಯಾರಗಳಲ್ಲಿ ಯಾವುದನ್ನು ಮೊದಲು ನೋಡುತ್ತೀರಿ ಎಂಬುದಷ್ಟೇ ವ್ಯತ್ಯಾಸ.

ಭಾನುವಾರ ಆದ ಮೇಲೆ ಸೋಮವಾರವೇ ಯಾಕೆ?

ಹಳಬರು ಗ್ರಹಗಳನ್ನು ನಿಧಾನವಾದದ್ದರಿಂದ ವೇಗದ್ದಕ್ಕೆ ಸಾಲಾಗಿ ಇಟ್ಟರು: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ದಿನದ ಒಂದೊಂದು ಗಂಟೆಗೆ, ಅಂದರೆ ಹೋರೆಗೆ, ಒಬ್ಬೊಬ್ಬರು ಒಡೆಯರು. ಮೊದಲ ಹೋರೆಯ ಒಡೆಯನ ಹೆಸರೇ ದಿನದ ಹೆಸರು. ಇಪ್ಪತ್ತನಾಲ್ಕು ಹೋರೆ ಎಣಿಸಿ ಮುಗಿಸಿದಾಗ ಮೂರು ಸ್ಥಾನ ಮುಂದೆ ಬಂದಿರುತ್ತೀರಿ. ಶನಿಯಿಂದ ಮೂರು ಮುಂದೆ ಸೂರ್ಯ, ಸೂರ್ಯನಿಂದ ಮೂರು ಮುಂದೆ ಚಂದ್ರ. ಬೆರಳಲ್ಲಿ ಎಣಿಸಿ ನೋಡಿ, ಇಡೀ ವಾರ ಹೊರಗೆ ಬರುತ್ತದೆ.

ನಮ್ಮ ದೇಶದಲ್ಲಿ ವಾರದ ಹೆಸರಿರುವ ತೀರಾ ಹಳೆಯ ಶಾಸನಗಳಲ್ಲಿ ಒಂದು ಮಧ್ಯಪ್ರದೇಶದ ಏರಣದಲ್ಲಿದೆ, 484ರದ್ದು. ಅದರಲ್ಲಿ ಗುರುವಾರ ಎಂದಿದೆ. ವಾರದ ಲೆಕ್ಕ ಹೊರಗಿನಿಂದ ಬಂದು ನಮ್ಮದೇ ಆಯಿತು. ಆಕಾಶದ ವಿದ್ಯೆಗೆ ಗಡಿ ಇರಲಿಲ್ಲ.

ಮಕರ ಸಂಕ್ರಾಂತಿಯಂದು ಸೂರ್ಯ ಉತ್ತರಕ್ಕೆ ತಿರುಗುವುದು ಹೌದಾ?

ಮಲ್ಪೆಗೆ ಬನ್ನಿ, ಸಮುದ್ರವೇ ಉತ್ತರ ಹೇಳುತ್ತದೆ. ಡಿಸೆಂಬರ್ 21 ಅಥವಾ 22ರಂದು ಸೂರ್ಯ ಮುಳುಗುವ ಜಾಗ ತೀರಾ ತೆಂಕಿಗೆ ಹೋಗಿರುತ್ತದೆ, ನೇರ ಪಡುವಣದಿಂದ ಸುಮಾರು 24 ಡಿಗ್ರಿ. ಮರಳಲ್ಲಿ ಒಂದೇ ಜಾಗದಲ್ಲಿ ನಿಂತು, ದೂರದ ಒಂದು ಗುರುತು ಇಟ್ಟುಕೊಂಡು ನೋಡಿ. ಜನವರಿ 14ರ ಹೊತ್ತಿಗೆ ಸೂರ್ಯ ಆಗಲೇ ಎರಡು ಡಿಗ್ರಿ ಬಡಗಿಗೆ ಸರಿದಿರುತ್ತಾನೆ. ಸೂರ್ಯನ ಬಿಂಬದ ಅಗಲ ಅರ್ಧ ಡಿಗ್ರಿ. ನಾಲ್ಕು ಸೂರ್ಯರನ್ನು ಪಕ್ಕಪಕ್ಕ ಇಟ್ಟಷ್ಟು. ಅಂದರೆ ತಿರುಗಿದ್ದು ಮೂರು ವಾರ ಮೊದಲೇ.

ಹಾಗಾದರೆ ಹಿರಿಯರು ತಪ್ಪಿದರಾ? ಇಲ್ಲ. ಸುಮಾರು 1,700 ವರ್ಷ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿ ಬುಗುರಿಯಂತೆ ತಲೆ ತೂಗುತ್ತಾ ತಿರುಗುತ್ತದೆ. ಒಂದು ತೂಗಾಟಕ್ಕೆ ಸುಮಾರು 26,000 ವರ್ಷ ಬೇಕು. ಅದರಿಂದ ನಕ್ಷತ್ರಗಳ ಹಿನ್ನೆಲೆಗೂ ಋತುಗಳಿಗೂ ಇರುವ ಸಂಬಂಧ 72 ವರ್ಷಕ್ಕೆ ಒಂದು ಡಿಗ್ರಿಯಷ್ಟು ಜಾರುತ್ತದೆ. ಗ್ರೀಸಿನ ಹಿಪಾರ್ಕಸ್ ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ತನಗಿಂತ ಹಿಂದಿನವರ ಅಳತೆಗಳನ್ನು ತನ್ನ ಅಳತೆಯ ಪಕ್ಕ ಇಟ್ಟು ಇದನ್ನು ಕಂಡ. ನಾವು ಇದನ್ನು ಅಯನ ಚಲನೆ ಎನ್ನುತ್ತೇವೆ. ಸಂಕ್ರಾಂತಿಯ ಹಬ್ಬ ನಕ್ಷತ್ರದ ಜೊತೆ ಉಳಿಯಿತು, ಋತು ಸ್ವಲ್ಪ ಮುಂದೆ ಹೋಯಿತು. ಎಳ್ಳು ಬೆಲ್ಲ ಕೊಡುವಾಗ ಮಕ್ಕಳಿಗೆ ಇದನ್ನೂ ಹೇಳಿ.

ಭೂಮಿ ತಿರುಗುತ್ತದೆ ಎಂದು ನಮ್ಮವರಿಗೆ ಮೊದಲೇ ಗೊತ್ತಿತ್ತು ಅಂತಾರಲ್ಲ?

ಒಬ್ಬರಿಗೆ ಗೊತ್ತಿತ್ತು. ಉಳಿದವರು ಒಪ್ಪಲಿಲ್ಲ. ಈ ಕಥೆಯನ್ನು ಪೂರ್ತಿ ಹೇಳಬೇಕು.

ಆರ್ಯಭಟ 499ರಲ್ಲಿ ಆರ್ಯಭಟೀಯ ಬರೆದಾಗ ಅವನಿಗೆ 23 ವರ್ಷ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದಲ್ಲಿ ನಿಂತದ್ದೆಲ್ಲ ಹಿಂದೆ ಹೋದಂತೆ ಕಾಣುತ್ತದೆ, ಹಾಗೆಯೇ ನಿಂತ ನಕ್ಷತ್ರಗಳು ಪಡುವಣಕ್ಕೆ ಹೋದಂತೆ ಕಾಣುತ್ತವೆ ಎಂದ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗಿನ ಸಾಲು ಹಿಂದೆ ಹಿಂದೆ ಸರಿಯುತ್ತದೆ, ಬೋಟು ನಿಂತಂತೆ ಇರುತ್ತದೆ.

ಅವನ ಇನ್ನೊಂದು ಸಾಲಿನ ಪ್ರಕಾರ ಒಂದು ಪ್ರಾಣದ ಹೊತ್ತಿಗೆ, ಅಂದರೆ ನಾಲ್ಕು ಸೆಕೆಂಡಿನ ಒಂದು ಉಸಿರಿಗೆ, ಭೂಮಿ ಒಂದು ಕಲೆಯಷ್ಟು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು, ತಿರುಗುತ್ತದೆ. ಲೆಕ್ಕ ಮಾಡಿ. ವೃತ್ತದಲ್ಲಿ 21,600 ಕಲೆ, ದಿನಕ್ಕೆ 21,600 ಉಸಿರು. ಇದನ್ನು ಮೊದಲು ಓದಿದ ದಿನ ನಾನು ಎದ್ದು ಹೊರಗೆ ಹೋಗಿ ಉಸಿರು ಎಣಿಸುತ್ತಾ ನಿಂತಿದ್ದೆ.

ಮುಂದೆ ಏನಾಯಿತು? ಬ್ರಹ್ಮಗುಪ್ತ 628ರಲ್ಲಿ ಇದನ್ನು ಕಟುವಾಗಿ ಟೀಕಿಸಿದ. ನಂತರದ ವ್ಯಾಖ್ಯಾನಕಾರರು ಆ ಸಾಲಿನ "ಭೂಃ" ಎಂಬುದನ್ನು "ಭಂ" ಎಂದು ಓದಿದರು. ಭೂಃ ಅಂದರೆ ಭೂಮಿ, ಭಂ ಅಂದರೆ ನಕ್ಷತ್ರ ಮಂಡಲ. ಒಂದು ಅಕ್ಷರ ಬದಲಾಯಿತು, ಭೂಮಿ ನಿಂತುಬಿಟ್ಟಿತು.

ಅವರನ್ನು ದಡ್ಡರು ಎನ್ನಬೇಡಿ. ಭೂಮಿ ಅಷ್ಟು ವೇಗವಾಗಿ ತಿರುಗಿದರೆ ಹಾರಿದ ಹಕ್ಕಿ ಗೂಡಿಗೆ ಹೇಗೆ ಮರಳುತ್ತದೆ, ಮೇಲಕ್ಕೆ ಬಿಟ್ಟ ಬಾಣ ಎಲ್ಲಿ ಬೀಳುತ್ತದೆ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ಬಂದದ್ದು ಗೆಲಿಲಿಯೋ 1632ರಲ್ಲಿ ಹಡಗಿನ ಕೋಣೆಯ ಉದಾಹರಣೆ ಕೊಟ್ಟಾಗ. ಹಡಗು ಸಮನಾಗಿ ಓಡುತ್ತಿದ್ದರೆ ಒಳಗಿನ ಚಿಟ್ಟೆಗೂ ನೀರಿನ ಹನಿಗೂ ಅದರ ಓಟ ತಿಳಿಯುವುದೇ ಇಲ್ಲ. ಭೂಮಿಯ ತಿರುಗಾಟವನ್ನು ಕೋಣೆಯೊಳಗೇ ಕಣ್ಣಿಗೆ ತೋರಿಸಿದ್ದು 1851ರಲ್ಲಿ ಫೂಕೋ, ಒಂದು ಉದ್ದ ಲೋಲಕದಿಂದ. ಆರ್ಯಭಟನಿಂದ ಅಲ್ಲಿಗೆ 1,352 ವರ್ಷ.

ಗ್ರಹಣದ ಹೊತ್ತಲ್ಲಿ ಊಟ ಮಾಡಬಹುದಾ?

ಮಾಡಬಹುದು. ಅನ್ನಕ್ಕೆ ಏನೂ ಆಗುವುದಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬಾರದು, ಅಷ್ಟು ಮಾತ್ರ ನಿಜವಾಗಿ ಪಾಲಿಸಬೇಕಾದ ನಿಯಮ.

1980ರ ಫೆಬ್ರವರಿ 16 ನನಗೆ ನೆನಪಿದೆ. ಅಂಕೋಲಾದ ಕಡೆ ಪೂರ್ಣ ಸೂರ್ಯಗ್ರಹಣ. ಉಡುಪಿಯಲ್ಲಿ ಪೂರ್ಣ ಅಲ್ಲ, ಆದರೂ ಬಿಸಿಲು ವಿಚಿತ್ರವಾಗಿ ಸಪ್ಪಗಾಗಿತ್ತು. ಮಧ್ಯಾಹ್ನದ ಮೇಲೆ ಬೀದಿಯೆಲ್ಲ ಖಾಲಿ. ನಮ್ಮ ಅಜ್ಜಿ ಕಿಟಕಿ ಮುಚ್ಚಿ, ಉಪ್ಪಿನಕಾಯಿ ಭರಣಿಗೆ ದರ್ಭೆ ಇಟ್ಟು, ನಮ್ಮನ್ನು ಒಳಗೆ ಕೂರಿಸಿದ್ದರು. ಅವರು ಮಾಡಿದ್ದು ಪ್ರೀತಿಯಿಂದ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ನಮ್ಮ ಬದುಕಿನ ಅತ್ಯಂತ ದೊಡ್ಡ ನೋಟವೊಂದು ಕಿಟಕಿಯ ಆಚೆ ಹಾದುಹೋಯಿತು.

2019ರ ಡಿಸೆಂಬರ್ 26ರಂದು ಸೂರ್ಯ ಬೆಂಕಿಯ ಬಳೆಯಾದ. ಕಾಸರಗೋಡಿನ ಚೆರುವತ್ತೂರಿನಲ್ಲಿ, ನಮ್ಮ ಮಂಗಳೂರಿನಲ್ಲಿ ಕಂಡಿತು. ಆ ಬೆಳಿಗ್ಗೆ ನಮ್ಮ ಅಂಗಳದ ಮಾವಿನ ಮರದ ನೆರಳಲ್ಲಿ ನೂರಾರು ಸಣ್ಣ ಕುಡುಗೋಲುಗಳು ಬಿದ್ದಿದ್ದವು. ಎಲೆಗಳ ನಡುವಿನ ಒಂದೊಂದು ತೂತೂ ಸೂರ್ಯನ ಒಂದೊಂದು ಚಿತ್ರ ಬಿಡಿಸಿತ್ತು. ಅಮ್ಮನಿಗೆ ಆಗ ಎಂಬತ್ತು ದಾಟಿತ್ತು. ಗ್ರಹಣದ ಕನ್ನಡಕ ಹಾಕಿಕೊಂಡು ಹೊರಗೆ ಬಂದು ನೋಡಿದರು. "ಅವತ್ತೂ ಹೀಗೇ ಇತ್ತಾ?" ಎಂದು ಕೇಳಿದರು. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿದರು. ಎರಡೂ ಅವರಿಗೆ ಬೇಕಿತ್ತು.

ರಾಹು, ಕೇತುಗಳ ಬಗ್ಗೆ ಒಂದು ಮಾತು. ಚಂದ್ರನ ದಾರಿ ಸೂರ್ಯನ ದಾರಿಯನ್ನು ಎರಡು ಕಡೆ ದಾಟುತ್ತದೆ. ಆ ಎರಡು ಬಿಂದುಗಳಿಗೆ ನಮ್ಮ ಗಣಿತದಲ್ಲಿ ಆ ಹೆಸರು. ಗ್ರಹಣ ಆಗುವುದು ಸೂರ್ಯ ಆ ಬಿಂದುಗಳ ಹತ್ತಿರ ಇದ್ದಾಗ ಮಾತ್ರ. ಭೂಮಿಯ ನೆರಳು ಚಂದ್ರನನ್ನು, ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ ಎಂದು ಆರ್ಯಭಟನೇ ಬರೆದಿದ್ದಾನೆ. 1825ರಲ್ಲಿ ಪಾಂಡಿಚೇರಿಯಲ್ಲಿ ಪಂಚಾಂಗದವರೊಬ್ಬರು ನೆಲದ ಮೇಲೆ ಕವಡೆ ಜೋಡಿಸಿ, ಬಾಯಿಪಾಠ ಇದ್ದ ಕೋಷ್ಟಕಗಳಿಂದಲೇ ಚಂದ್ರಗ್ರಹಣ ಶುರುವಾಗುವ ಹೊತ್ತನ್ನು ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ಹೇಳಿದ್ದನ್ನು ಜಾನ್ ವಾರನ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಹಾವು ನುಂಗುವ ಕಥೆ ಒಂದು ಕೋಣೆಯಲ್ಲಿ, ಕವಡೆಯ ಲೆಕ್ಕ ಪಕ್ಕದ ಕೋಣೆಯಲ್ಲಿ. ನಮಗೆ ಕಥೆ ಮಾತ್ರ ಸಿಕ್ಕಿತು, ಲೆಕ್ಕ ಕೈತಪ್ಪಿತು. ನನಗೆ ಬೇಸರ ಇರುವುದು ಅದೊಂದಕ್ಕೇ.

1868ರ ಆಗಸ್ಟ್ 18ರ ಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಗುಂಟೂರಿಗೆ ಬಂದಿದ್ದರು. ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡುವ ಆ ವರ್ಷದ ಪ್ರಯತ್ನಗಳಿಂದಲೇ ಹೀಲಿಯಂ ಎಂಬ ಹೊಸ ಧಾತುವಿನ ಸುಳಿವು ಸಿಕ್ಕಿತು. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ. ಮೊದಲು ಸೂರ್ಯನಲ್ಲಿ, ಆಮೇಲೆ ನಮ್ಮ ಮನೆಯಲ್ಲಿ!

ಜ್ಯೋತಿಷ್ಯವೂ ಇದೂ ಒಂದೇನಾ?

ಒಂದು ಕಾಲದಲ್ಲಿ ಮಾಡುತ್ತಿದ್ದವರು ಒಬ್ಬರೇ. ವರಾಹಮಿಹಿರ ಗ್ರಹಗಣಿತವನ್ನೂ ಬರೆದ, ಜಾತಕವನ್ನೂ ಬರೆದ. ಕೆಪ್ಲರ್ ಕೂಡ ಜಾತಕ ಹಾಕಿದವನೇ. ರಾಜರು ದುಡ್ಡು ಕೊಟ್ಟದ್ದು ಫಲ ಕೇಳಲು, ಆ ದುಡ್ಡಿನಲ್ಲಿ ಗಣಿತ ಬೆಳೆಯಿತು. ಹಾಗಾಗಿ ಹಳೆಯ ಪಂಚಾಂಗವನ್ನು ಕಂಡರೆ ನನಗೆ ಗೌರವ ಉಂಟು. ತಿಥಿ, ನಕ್ಷತ್ರ, ಗ್ರಹಣದ ಹೊತ್ತು ಎಲ್ಲ ನಿಜವಾದ ಖಗೋಳ. ಅದರಿಂದ ಮದುವೆ, ಕೆಲಸ, ಆರೋಗ್ಯದ ಫಲ ಹೇಳುವ ಭಾಗವನ್ನು ನಾನು ನಂಬುವುದಿಲ್ಲ. ಗ್ರಹಣದ ಹೊತ್ತು ತಪ್ಪಿದರೆ ಇಡೀ ಊರಿಗೆ ಕಾಣುತ್ತದೆ, ಲೆಕ್ಕ ತಿದ್ದಲೇಬೇಕು. ಫಲ ತಪ್ಪಿದರೆ ಒಂದು ಸಮಜಾಯಿಷಿ ಸಿಗುತ್ತದೆ, ಪುಸ್ತಕ ಹಾಗೇ ಉಳಿಯುತ್ತದೆ.

ಆಕಾಶಕ್ಕೆ ಹೊಂದದಿದ್ದರೆ ಲೆಕ್ಕ ತಿದ್ದಬೇಕು ಎಂಬ ಬುದ್ಧಿ ಎಲ್ಲಿಂದ ಬಂತು? ಯುರೋಪಿನಿಂದಲೇ?

ನಮ್ಮ ಪಕ್ಕದ ಮನೆಯಲ್ಲೇ ಇತ್ತು. ಚಂದ್ರಗಿರಿ ಹೊಳೆ ದಾಟಿ ತೆಂಕಿಗೆ ಹೋಗಿ, ನಿಳಾ ನದಿಯ ದಡ ಸಿಗುತ್ತದೆ. ಈಗ ಅದನ್ನು ಭಾರತಪ್ಪುಳ ಎನ್ನುತ್ತಾರೆ. ಅಲ್ಲಿ ಪರಮೇಶ್ವರ ಎಂಬವರು ಸುಮಾರು 55 ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ನೋಡಿದರು. ಪುಸ್ತಕದಲ್ಲಿ ಇದ್ದದ್ದು ಒಂದು, ಕಣ್ಣಿಗೆ ಕಂಡದ್ದು ಇನ್ನೊಂದು. ಅವರು ಕಣ್ಣನ್ನು ನಂಬಿ 1431ರಲ್ಲಿ ಹೊಸ ಗಣಿತ ಕೊಟ್ಟರು. ಅದರ ಹೆಸರೇ ದೃಗ್ಗಣಿತ. ದೃಕ್ ಅಂದರೆ ನೋಟ. ಒಂದು ಗಣಿತಕ್ಕೆ "ನೋಟ" ಎಂಬ ಹೆಸರಿಡುವುದು ಎಷ್ಟು ದೊಡ್ಡ ಮಾತು, ಅಲ್ವಾ? ಇಂದಿಗೂ ಪಂಚಾಂಗದ ಮುಖಪುಟದಲ್ಲಿ "ದೃಗ್ಗಣಿತ" ಎಂಬ ಪದ ಕಂಡರೆ ಅದರ ಹಿಂದೆ ಈ 55 ವರ್ಷ ನಿದ್ದೆಗೆಟ್ಟ ಮನುಷ್ಯನನ್ನು ನೆನೆಯಿರಿ.

ಪರಮೇಶ್ವರರ ಗುರು ಸಂಗಮಗ್ರಾಮದ ಮಾಧವ. ವೃತ್ತದ ಸುತ್ತಳತೆಗೆ ಕೊನೆಯಿಲ್ಲದ ಶ್ರೇಣಿಯನ್ನು ಕಂಡವರು, ಯುರೋಪಿಗಿಂತ ಎರಡು ಶತಮಾನಕ್ಕೂ ಮೊದಲು. ಈ ಪರಂಪರೆಯ ನೀಲಕಂಠ ಸೋಮಯಾಜಿ 1504ರಲ್ಲಿ ಜ್ಯೋತಿರ್ಮೀಮಾಂಸೆ ಬರೆದು, ಸಿದ್ಧಾಂತಗಳನ್ನು ಕಾಲಕಾಲಕ್ಕೆ ನೋಡಿ ಪರೀಕ್ಷಿಸಬೇಕು ಎಂದು ವಾದಿಸಿದರು. ಗ್ರಹಗಳು ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಅವುಗಳ ಜೊತೆಗೆ ಭೂಮಿಯನ್ನು ಸುತ್ತುತ್ತಾನೆ ಎಂಬ ಚಿತ್ರವೂ ಅವರದ್ದು. ಜ್ಯೇಷ್ಠದೇವ ಈ ಗಣಿತದ ಕಾರಣಗಳನ್ನೆಲ್ಲ ಯುಕ್ತಿಭಾಷಾ ಎಂಬ ಪುಸ್ತಕದಲ್ಲಿ ಮಲಯಾಳದಲ್ಲಿ ಬರೆದರು. ಸಂಸ್ಕೃತದಲ್ಲಿ ಅಲ್ಲ, ಮನೆಮಾತಿನಲ್ಲಿ. ಸೂತ್ರ ಕೊಟ್ಟು ಸುಮ್ಮನಾಗಲಿಲ್ಲ, ಯಾಕೆ ಎಂದು ಬಿಡಿಸಿ ಹೇಳಿದರು.

ಯುರೋಪಿನಲ್ಲಿ ಇದೇ ಗುಣ ಕೆಪ್ಲರ್‌ನಲ್ಲಿ ಕಾಣುತ್ತದೆ. ಟೈಕೊ ಬ್ರಾಹೆ ಅಳೆದಿಟ್ಟ ಮಂಗಳನ ಜಾಗಕ್ಕೂ ಕೆಪ್ಲರ್‌ನ ವೃತ್ತದ ಲೆಕ್ಕಕ್ಕೂ 8 ಕಲೆಗಳ ವ್ಯತ್ಯಾಸ ಬಂತು. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ ಅಷ್ಟೇ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವನು ಬಿಡಲಿಲ್ಲ. ಎರಡು ಸಾವಿರ ವರ್ಷದ ವೃತ್ತವನ್ನೇ ಕೈಬಿಟ್ಟು, 1609ರಲ್ಲಿ ಮಂಗಳನ ದಾರಿ ಸ್ವಲ್ಪ ಚಪ್ಪಟೆಯಾದ ವೃತ್ತ, ದೀರ್ಘವೃತ್ತ ಎಂದ.

ಕೋಪರ್ನಿಕಸ್, ಗೆಲಿಲಿಯೋ ಕಥೆ?

ಶಾಲೆಯ ಪುಸ್ತಕದಲ್ಲಿ ಇರುವುದರಿಂದ ಚಿಕ್ಕದಾಗಿ ಹೇಳುತ್ತೇನೆ. 1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಇಟ್ಟ. ಅವನ ಗಣಿತದಲ್ಲಿ ಪರ್ಷಿಯಾದ ಮರಾಗಾ ವೀಕ್ಷಣಾಲಯದ ನಾಸಿರುದ್ದೀನ್ ತೂಸಿ, ಡಮಾಸ್ಕಸ್‌ನ ಇಬ್ನ್ ಅಲ್ ಶಾತಿರ್ ಬಳಸಿದ್ದ ಉಪಾಯಗಳೇ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಸುತ್ತ ನಾಲ್ಕು ಚಂದ್ರರನ್ನು ಕಂಡ. ಎಲ್ಲವೂ ಭೂಮಿಯನ್ನೇ ಸುತ್ತುವುದಿಲ್ಲ ಎಂಬುದಕ್ಕೆ ಕಣ್ಣೆದುರಿನ ಸಾಕ್ಷಿ. 1633ರಲ್ಲಿ ಅವನನ್ನು ವಿಚಾರಣೆಗೆ ಒಳಪಡಿಸಿದರು. ಆ ನಾಲ್ಕು ಚಂದ್ರರನ್ನು ನೀವು ಸಾಧಾರಣ ಬೈನಾಕ್ಯುಲರ್‌ನಲ್ಲಿ ನೋಡಬಹುದು. ಕೈ ಅಲುಗದಂತೆ ಗೋಡೆಗೆ ಒರಗಿ ನಿಲ್ಲಿ.

ಸಮುದ್ರದವರಿಗೆ ನಕ್ಷತ್ರ ಯಾಕೆ ಬೇಕಿತ್ತು?

ಊರಿಗೆ ಮರಳಲು. ರಾತ್ರಿ ಬಡಗು ದಿಕ್ಕಿಗೆ ತಿರುಗಿ ಕೈ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದ ಮೇಲೆ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು ಇಟ್ಟರೆ ಧ್ರುವ ನಕ್ಷತ್ರ ಅಲ್ಲೇ ಇರುತ್ತದೆ. ಉಡುಪಿಯ ಅಕ್ಷಾಂಶ 13 ಡಿಗ್ರಿ ಚಿಲ್ಲರೆ, ಧ್ರುವದ ಎತ್ತರವೂ ಅಷ್ಟೇ. ಮುಂಬೈಗೆ ಹೋದರೆ ಎರಡು ಮುಷ್ಟಿ.

ಅರಬ್ ನಾವಿಕರು ಇದಕ್ಕೆ ಕಮಾಲ್ ಎಂಬ ಸಣ್ಣ ಹಲಗೆ ಬಳಸಿದರು. ಹಲಗೆಯ ನಡುವಿನಿಂದ ಗಂಟು ಹಾಕಿದ ದಾರ. ಗಂಟನ್ನು ಹಲ್ಲಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ಸಮುದ್ರಕ್ಕೆ, ಮೇಲಿನ ಅಂಚು ಧ್ರುವಕ್ಕೆ ತಾಗುವಂತೆ ಹಿಡಿಯುವುದು. ಗಂಟು ಹೊಂದಿದರೆ ಬಂದರಿನ ಸಾಲಿಗೆ ಬಂದೆವು, ಇನ್ನು ನೇರ ಮೂಡಣಕ್ಕೆ. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಇಲ್ಲಿ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುತ್ತಿದ್ದರು ಎಂದು ಬರೆದಿದ್ದಾನೆ. ಕರಿಮೆಣಸಿನ ವ್ಯಾಪಾರ ನಡೆದದ್ದು ಮುಂಗಾರು ಗಾಳಿಯಿಂದ, ದಾರಿ ತಪ್ಪದೆ ಬಂದದ್ದು ನಕ್ಷತ್ರದಿಂದ.

ಭೂಮಿ ಗುಂಡಗೆ ಇದೆ ಎಂಬುದಕ್ಕೂ ಇದೇ ಸಾಕ್ಷಿ. ಅಗಸ್ತ್ಯ ನಕ್ಷತ್ರ ಫೆಬ್ರವರಿಯ ರಾತ್ರಿ ನಮ್ಮ ತೆಂಕು ದಿಕ್ಕಿನಲ್ಲಿ 24 ಡಿಗ್ರಿ ಎತ್ತರದಲ್ಲಿ ಹೊಳೆಯುತ್ತದೆ. ಅಥೆನ್ಸ್‌ನವರಿಗೆ ಅದು ಏಳುವುದೇ ಇಲ್ಲ, ಈಜಿಪ್ಟಿಗೆ ಬಂದರೆ ಕಾಣುತ್ತದೆ. ಊರು ಬದಲಾದರೆ ನಕ್ಷತ್ರ ಬದಲಾಗಬೇಕಾದರೆ ನೆಲ ಬಾಗಿರಲೇಬೇಕು ಎಂದು ಅರಿಸ್ಟಾಟಲ್ ಇಂಥದ್ದನ್ನೇ ತೋರಿಸಿ ವಾದಿಸಿದ.

ಆರಿದ್ರಾ ಮಳೆ, ಪುನರ್ವಸು ಮಳೆ ಎಂದರೆ ಆ ನಕ್ಷತ್ರ ಮಳೆ ಸುರಿಸುತ್ತದಾ?

ಇಲ್ಲ. ಸೂರ್ಯ ಆ ನಕ್ಷತ್ರದ ಮನೆಯಲ್ಲಿ ಇರುವ 13, 14 ದಿನಗಳಿಗೆ ಆ ಹೆಸರು. ಜೂನ್ 22ರ ಹೊತ್ತಿಗೆ ಆರಿದ್ರಾ ಶುರು. ತಮಾಷೆ ಎಂದರೆ ಆ ದಿನಗಳಲ್ಲಿ ಆರಿದ್ರಾ ನಕ್ಷತ್ರ ಯಾರಿಗೂ ಕಾಣುವುದಿಲ್ಲ, ಸೂರ್ಯನ ಜೊತೆಗೇ ಹಗಲಲ್ಲಿ ಇರುತ್ತದೆ. ಕಾಣದ ನಕ್ಷತ್ರದ ಜಾಗವನ್ನು ಲೆಕ್ಕದಿಂದ ತಿಳಿದು ಬಿತ್ತನೆಯ ದಿನ ಗುರುತಿಸಿದರು ನಮ್ಮ ರೈತರು.

ನಕ್ಷತ್ರ ಯಾವುದರಿಂದ ಆಗಿದೆ ಎಂದು ಅಲ್ಲಿಗೆ ಹೋಗದೆ ಹೇಗೆ ಹೇಳುತ್ತಾರೆ?

1835ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಕೋಂಟ್, ನಕ್ಷತ್ರ ಯಾವುದರಿಂದ ಆಗಿದೆ ಎಂಬುದು ನಮಗೆ ಎಂದೂ ತಿಳಿಯದು ಎಂದು ಬರೆದರು. ಆಗ ಅದು ಒಪ್ಪುವ ಮಾತೇ ಆಗಿತ್ತು. ಇಪ್ಪತ್ತೈದು ವರ್ಷ ಆಗುವ ಮೊದಲೇ ಕಿರ್ಖಾಫ್, ಬುನ್ಸೆನ್ ಬೆಳಕಿನ ಬಣ್ಣಗಳ ನಡುವಿನ ಗೆರೆಗಳನ್ನು ಓದುವುದು ಕಲಿತರು. ಒಂದೊಂದು ಧಾತುವಿಗೂ ತನ್ನದೇ ಗೆರೆ, ನಮ್ಮ ಹೆಬ್ಬೆಟ್ಟಿನಂತೆ.

1920ರಲ್ಲಿ ಮೇಘನಾದ್ ಸಾಹಾ ಆ ಗೆರೆಗಳಿಗೂ ನಕ್ಷತ್ರದ ಬಿಸಿಗೂ ಇರುವ ಸಂಬಂಧಕ್ಕೆ ಸಮೀಕರಣ ಕೊಟ್ಟರು. ಅದನ್ನು ಹಿಡಿದು 1925ರಲ್ಲಿ ಸೆಸಿಲಿಯಾ ಪೇನ್ ಎಂಬ 25 ವರ್ಷದ ಯುವತಿ ನಕ್ಷತ್ರಗಳಲ್ಲಿ ಬಹುಪಾಲು ಇರುವುದು ಜಲಜನಕ ಎಂದು ಕಂಡಳು. ದೊಡ್ಡ ವಿಜ್ಞಾನಿ ರಸೆಲ್ ಒಪ್ಪಲಿಲ್ಲ. ಅವರ ಮಾತಿಗೆ ಅವಳು ತನ್ನ ಪ್ರಬಂಧದಲ್ಲೇ ಈ ಫಲಿತಾಂಶ ನಿಜವಿರಲಾರದು ಎಂದು ಬರೆಯಬೇಕಾಯಿತು. ನಾಲ್ಕು ವರ್ಷದಲ್ಲಿ ರಸೆಲ್ ಬೇರೆ ದಾರಿಯಿಂದ ಹೋಗಿ ಅವಳು ಹೇಳಿದ್ದೇ ಸರಿ ಎಂದು ಒಪ್ಪಿದರು. ಟೆಲಿಸ್ಕೋಪಿನ ಹತ್ತಿರ ಬಂದು ಹಿಂಜರಿಯುವ ಹೆಣ್ಣುಮಕ್ಕಳಿಗೆ ನಾನು ಈ ಕಥೆಯನ್ನು ತಪ್ಪದೆ ಹೇಳುತ್ತೇನೆ. ನೀವು ಕಂಡದ್ದನ್ನು ಬರೆದಿಡಿ, ಯಾರು ಬೇಡ ಎಂದರೂ ಅಳಿಸಬೇಡಿ.

ಇಷ್ಟು ದೊಡ್ಡ ವಿಶ್ವ ನೋಡಿದ ಮೇಲೆ ನಾವು ಏನೂ ಅಲ್ಲ ಅಂತ ಬೇಜಾರು ಆಗಲ್ವಾ?

ಒಂಬತ್ತನೇ ತರಗತಿಯ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು. ನನಗೆ ಆಗುವುದಿಲ್ಲ. ರಕ್ತದಲ್ಲಿರುವ ಕಬ್ಬಿಣ, ಎಲುಬಿನಲ್ಲಿರುವ ಸುಣ್ಣದ ಅಂಶ ಹಳೆಯ ನಕ್ಷತ್ರಗಳ ಒಳಗೆ ಬೆಂದು ಬಂದದ್ದು ಎಂದು ತಿಳಿದ ಮೇಲೆ ಆಕಾಶ ಹೊರಗಿನದ್ದು ಅನಿಸುವುದಿಲ್ಲ. 1968ರ ಡಿಸೆಂಬರ್ 24ರಂದು ಚಂದ್ರನನ್ನು ಸುತ್ತುತ್ತಿದ್ದ ಬಿಲ್ ಆಂಡರ್ಸ್, ಚಂದ್ರನ ಅಂಚಿನ ಮೇಲೆ ನೀಲಿ ಭೂಮಿ ಏಳುವ ಚಿತ್ರ ತೆಗೆದರು. ಚಂದ್ರನನ್ನು ನೋಡಲು ಹೋದವರಿಗೆ ಭೂಮಿ ಕಂಡಿತು. ಆ ಹುಡುಗನಿಗೆ ಆ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಇದರಲ್ಲಿ ಉಡುಪಿ ಎಲ್ಲುಂಟು?" ಎಂದು ಕೇಳಿದ.

ನಾನು ಎಲ್ಲಿಂದ ಶುರು ಮಾಡಲಿ?

ಟೆಲಿಸ್ಕೋಪ್ ಕೊಳ್ಳಲು ಅವಸರ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಆಕಾಶ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಹೋಗಿ. 2018ರಲ್ಲಿ ಶುರುವಾದ ಅದು ದೇಶದ ಮೊದಲ ತ್ರಿಡಿ ತಾರಾಲಯ.

ಹಗಲಲ್ಲೇ ಮಾಡುವ ಒಂದು ಕೆಲಸ ಹೇಳುತ್ತೇನೆ. ಪ್ರತಿ ವರ್ಷ ಏಪ್ರಿಲ್ 24, 25ರ ಹೊತ್ತಿಗೆ ಮತ್ತು ಆಗಸ್ಟ್ 17, 18ರ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ನೇರ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡ ಬಿಡುವುದಿಲ್ಲ, ಏಪ್ರಿಲ್ ನಂಬಬಹುದು. ನಮ್ಮ ಗಡಿಯಾರ ಪೂರ್ವದ ಮಿರ್ಜಾಪುರದ ರೇಖೆಗೆ ಹೊಂದಿಸಿದ್ದು, ಆದ್ದರಿಂದ ನಮ್ಮ ನಿಜವಾದ ಮಧ್ಯಾಹ್ನ ಆ ದಿನ ಸುಮಾರು 12 ಗಂಟೆ 28 ನಿಮಿಷಕ್ಕೆ. ಅಂಗಳದಲ್ಲಿ ಸಮ ಜಾಗ ನೋಡಿ ಒಂದು ಉದ್ದನೆಯ ಸ್ಟೀಲ್ ಲೋಟ ಬೋರಲು ಇಡಿ. ನೆರಳು ಲೋಟದ ಬುಡದೊಳಗೆ ಹೋಗಿ ಮಾಯ ಆಗುತ್ತದೆ.

ಕಾರವಾರದಲ್ಲಿ ಗೆಳೆಯರಿದ್ದರೆ ಅದೇ ಹೊತ್ತಿಗೆ ಅವರ ಲೋಟದ ನೆರಳು ಅಳೆಯಲು ಹೇಳಿ. ಅಲ್ಲಿ ಸ್ವಲ್ಪ ನೆರಳು ಉಳಿದಿರುತ್ತದೆ, ಮಂಗಳೂರಿಗಿಂತ ಸುಮಾರು 2 ಡಿಗ್ರಿಯಷ್ಟು. ಲೋಟಕ್ಕಿಂತ ಒಂದು ಮೀಟರಿನ ನೆಟ್ಟಗಿನ ಕೋಲು ಒಳ್ಳೆಯದು, ಅದಕ್ಕೆ ಮೂರೂವರೆ ಸೆಂಟಿಮೀಟರ್‌ನಷ್ಟು ನೆರಳು ಸಿಗುತ್ತದೆ. ಈಜಿಪ್ಟಿನಲ್ಲಿ ಎರಟೊಸ್ತನೀಸ್ ಎರಡು ಊರುಗಳ ನಡುವೆ ಇದೇ ವ್ಯತ್ಯಾಸ ಅಳೆದು, ವೃತ್ತದ ಐವತ್ತನೇ ಒಂದು ಭಾಗ ಎಂದು ಕಂಡು, ಇಡೀ ಭೂಮಿಯ ಸುತ್ತಳತೆ ಹೇಳಿದ್ದ. ನಕ್ಷೆಯಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ತೆಂಕು ಬಡಗಿನ ದೂರ ಸುಮಾರು 215 ಕಿಲೋಮೀಟರ್. ಹೆದ್ದಾರಿಯ ದೂರ ಹಿಡಿಯಬೇಡಿ, ಅದು ಬಳಸಿಕೊಂಡು ಹೋಗುತ್ತದೆ. ಒಂದು ಮೀಟರ್ ಕೋಲಿನ ನೆರಳಿನ ಸೆಂಟಿಮೀಟರನ್ನು 0.57ರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. 360ನ್ನು ಆ ಡಿಗ್ರಿಯಿಂದ ಭಾಗಿಸಿ, ದೂರದಿಂದ ಗುಣಿಸಿ. 40,000ದ ಹತ್ತಿರ ಬಂದರೆ ನನಗೂ ಬರೆದು ತಿಳಿಸಿ. ಬಾರದಿದ್ದರೂ ತಿಳಿಸಿ, ಕೋಲು ನೆಟ್ಟಗೆ ಇತ್ತೇ ಎಂದು ಸೇರಿ ನೋಡೋಣ.